ಒಬ್ಬರೇ ಆಟಗಾರರು, ಅದೂ ರೋಗ್ ಪಾತ್ರ: ಕ್ಯಾಂಪೇನ್ ನಡೆಸುವ ಬಗೆ

ದಾಳ ಉರುಳಿಸುತ್ತ, ಪಾತ್ರ ವಹಿಸಿ ಕಥೆಯಾಗಿ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟಕ್ಕೆ ಸಿಗುವ ಸಿದ್ಧ ಸಾಹಸಗಳಲ್ಲಿ ಹೆಚ್ಚಿನವು ನಾಲ್ಕೈದು ಪಾತ್ರಗಳ ತಂಡವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಏಟು ತಿನ್ನಲು ಯೋಧ, ಗಾಯ ಮಾಯಿಸಲು ಕ್ಲೆರಿಕ್, ದೂರದಿಂದ ಬೆಂಕಿ ಸುರಿಯಲು ಮಾಂತ್ರಿಕ ಇರುವಾಗ ರೋಗ್, ಅಂದರೆ ಕಳ್ಳತನ, ಹೊಂಚುಗಳಲ್ಲಿ ನುರಿತ ಪಾತ್ರ, ಅವರ ಮರೆಯಲ್ಲಿ ನಿಂತು ತನ್ನ ಕೈಚಳಕ ತೋರಿಸುತ್ತದೆ. ಉಳಿದವರೆಲ್ಲ ಇಲ್ಲದಾಗ ಶತ್ರುಗಳ ಸಂಖ್ಯೆಯನ್ನು ಕಾಲು ಭಾಗಕ್ಕಿಳಿಸಿದರೆ ಸಾಕೆಂದು ಹಲವು ಡಿಎಂಗಳು (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರು) ಎಣಿಸುತ್ತಾರೆ. ಅದು ಸಾಲದು. ಒಂಟಿ ರೋಗ್‌ನ ಆಟದಲ್ಲಿ ಕಾಳಗ ಹಿಂದೆ ಸರಿದು, ಹೊಂಚು ಹಾಕುವುದು, ಒಳನುಗ್ಗುವುದು, ಪಾರಾಗುವುದು ಮುಂದೆ ಬರಬೇಕು. ಡಿಎಂ ಮಾಡಿಕೊಳ್ಳುವ ತಯಾರಿಯೆಲ್ಲ ಇದಕ್ಕೆ ತಕ್ಕಂತಿರಬೇಕು. ಈ ಬರಹದಲ್ಲಿ ಹೇಳುವ ನಿಯಮಗಳು 2014ರ ಐದನೇ ಆವೃತ್ತಿಯವು.

ಮೊದಲು ಆಟಗಾರರ ಜೊತೆ ಕೂತು ಮಾತಾಡಿ, ಅವರಿಗೆ ಯಾವ ಬಗೆಯ ರೋಗ್ ಬೇಕೆಂದು ತಿಳಿದುಕೊಳ್ಳಿ. ಬೀಗ ಮುರಿಯುವವನ ಕಥೆಗೂ ವೇಷ ಹಾಕಿ ಅರಮನೆಯೊಳಗೆ ಸೇರಿಕೊಳ್ಳುವವಳ ಕಥೆಗೂ ಅಜಗಜಾಂತರವಿದೆ. ಪಾತ್ರ ಯಾರಿಗೆ ಸಾಲಗಾರ, ಸಿಕ್ಕಿಬೀಳುವಂತಾದಾಗ ಯಾರ ಮನೆಯ ಬಾಗಿಲು ತಟ್ಟಬಲ್ಲದು, ಎಷ್ಟೇ ಹಣ ಕೊಟ್ಟರೂ ಯಾವ ಕೆಲಸಕ್ಕೆ ಕೈಹಾಕದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಮೊದಲ ಕೆಲವು ಸೆಷನ್‌ಗಳಿಗೆ ಬೇಕಾದ ಕಥೆ ಅಲ್ಲೇ ಇರುತ್ತದೆ.

ಇನ್ನು ನಿಯಮದ ತೊಡಕು. ರೋಗ್‌ನ ಬಲವೆಲ್ಲ ಇರುವುದು ಸ್ನೀಕ್ ಅಟ್ಯಾಕ್‌ನಲ್ಲಿ, ಅಂದರೆ ಹೆಚ್ಚು ಗಾಯ ಮಾಡುವ ಹೊಂಚಿನ ಏಟಿನಲ್ಲಿ. ಅದು ಸಿಗಬೇಕಾದರೆ ದಾಳಿಗೆ ಅಡ್ವಾಂಟೇಜ್ (ಎರಡು ಸಲ ದಾಳ ಉರುಳಿಸಿ ಹೆಚ್ಚಿನದನ್ನು ಎಣಿಸುವ ಅವಕಾಶ) ಇರಬೇಕು, ಇಲ್ಲವೇ ಗುರಿಯಿಂದ 5 ಅಡಿಯೊಳಗೆ ಆ ಗುರಿಯ ಇನ್ನೊಬ್ಬ ಶತ್ರು ನಿಂತಿರಬೇಕು. ಒಂಟಿ ಪಾತ್ರಕ್ಕೆ ಎರಡನೆಯ ದಾರಿ ಮುಚ್ಚಿಹೋಗಿರುತ್ತದೆ. ಇದಕ್ಕೆ ಸುಲಭ ಪರಿಹಾರವೆಂದರೆ ಒಬ್ಬ ಸಂಗಾತಿ. ಒಬ್ಬ ಡಿಎಂ ಮತ್ತು ಒಬ್ಬ ಆಟಗಾರರಷ್ಟೇ ಇರುವ ಆಟಕ್ಕೆಂದೇ 2019ರ ಎಸೆನ್ಷಿಯಲ್ಸ್ ಕಿಟ್ ಎಂಬ ಆಟದ ಪೆಟ್ಟಿಗೆಯಲ್ಲಿ ಸೈಡ್‌ಕಿಕ್ (ಸಂಗಾತಿ) ನಿಯಮಗಳನ್ನು ಕೊಟ್ಟಿದ್ದಾರೆ. ಸಂಗಾತಿಯನ್ನು ಆರಿಸುವಾಗ ಒಂದು ಎಚ್ಚರಿಕೆ ಬೇಕು: ಅವನು ಆಟಗಾರರಿಗಿಂತ ಜಾಣನಾಗಿರಬಾರದು. ಸಂಗಾತಿಯ ಮಾತಾದರೂ ಡಿಎಂನ ಬಾಯಿಂದ ಬರುವ ಸಲಹೆಯನ್ನು ಆಟಗಾರರು ಸಲಹೆಯೆಂದು ಕೇಳುವುದಿಲ್ಲ, ಉತ್ತರವೆಂದೇ ತಿಳಿಯುತ್ತಾರೆ. ಆದ್ದರಿಂದ ಮಾತು ಕಡಿಮೆಯ ಕೂಲಿಯಾಳೋ ಪಳಗಿದ ನಾಯಿಯೋ ಒಳ್ಳೆಯದು. ಕಾಳಗದಲ್ಲಿ ಅದರ ದಾಳಗಳನ್ನೂ ಆಟಗಾರರೇ ಉರುಳಿಸಲಿ. ಸಂಗಾತಿ ಬೇಡವೆನ್ನುವವರಿಗೆ ರೋಗ್‌ನದೇ ಸ್ವಾಶ್‌ಬಕ್ಲರ್ ಉಪವರ್ಗವಿದೆ. ಮೂರನೇ ಲೆವೆಲ್‌ನಿಂದ ಅದು ಒಬ್ಬರಿಗೊಬ್ಬರು ಎದುರಾದಾಗಲೂ ಸ್ನೀಕ್ ಅಟ್ಯಾಕ್ ಮಾಡಬಲ್ಲದು.

ತಯಾರಿಯ ಹೆಚ್ಚು ಸಮಯವನ್ನು ಸ್ಥಳ ಕಟ್ಟುವುದಕ್ಕೆ ಕೊಡಿ. ಮೊದಲು ಹೀಗಾಗುತ್ತದೆ, ಆಮೇಲೆ ಹಾಗಾಗುತ್ತದೆ ಎಂದು ಘಟನೆಗಳನ್ನು ಸಾಲಾಗಿ ಬರೆದಿಟ್ಟರೆ ರೋಗ್ ಮೊದಲನೆಯದನ್ನೇ ಕಿಟಕಿಯಿಂದ ಹಾರಿ ತಪ್ಪಿಸಿಕೊಳ್ಳುತ್ತದೆ. ನೀವು ಚಾಪೆಯ ಕೆಳಗೆ ತೂರಿದರೆ ಅದು ರಂಗೋಲಿಯ ಕೆಳಗೆ ತೂರುವ ಜಾತಿ. ಉದಾಹರಣೆಗೆ ಒಬ್ಬ ವರ್ತಕನ ಮಹಲಿನಿಂದ ಲೆಕ್ಕದ ಪುಸ್ತಕವೊಂದನ್ನು ಕದಿಯಬೇಕಾಗಿದೆ ಎನ್ನಿ. ಮಹಲಿಗೆ ಮೂರು ದಾರಿಗಳಿರಲಿ, ಪ್ರತಿಯೊಂದಕ್ಕೂ ಅದರದೇ ಬೆಲೆಯಿರಲಿ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ ಇರುವುದರಿಂದ ಅಡುಗೆಯವಳನ್ನು ಒಲಿಸಿಕೊಳ್ಳಬೇಕು, ಮತ್ತು ಅವಳಿಗೆ ಬೇಕಾಗಿರುವುದು ಹಣವಲ್ಲ, ಸೆರೆಯಲ್ಲಿರುವ ತಮ್ಮನ ಸುದ್ದಿ. ಮಹಡಿಯ ಕಿಟಕಿ ತೆರೆದೇ ಇರುತ್ತದೆ, ಆದರೆ ಅದರಾಚೆ ನಿದ್ದೆ ಬಾರದ ಮುದುಕಿಯೊಬ್ಬಳು ಮಲಗಿರುತ್ತಾಳೆ. ಮುಂಬಾಗಿಲಲ್ಲಿ ಕಾವಲುಗಾರನಿದ್ದಾನೆ, ಅವನು ಸಮವಸ್ತ್ರ ತೊಟ್ಟವರ ಮುಖ ನೋಡುವುದಿಲ್ಲ. ಮನೆಯಲ್ಲಿ ಯಾರು ಯಾವ ಹೊತ್ತಿಗೆ ಎಲ್ಲಿರುತ್ತಾರೆಂಬುದನ್ನು ಅರ್ಧ ಹಾಳೆಯಲ್ಲಿ ಬರೆದಿಟ್ಟುಕೊಂಡು, ಪ್ರತಿಯೊಬ್ಬರ ಪ್ಯಾಸಿವ್ ಪರ್ಸೆಪ್ಷನ್ (ಹುಡುಕದೆಯೇ ಗಮನಿಸುವ ಶಕ್ತಿಯ ಅಂಕ) ಎಷ್ಟೆಂದು ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ. ಯಾವ ದಾರಿ ಹಿಡಿಯಬೇಕೆಂಬ ಚಿಂತೆ ಆಟಗಾರರದು. ನಾಲ್ಕನೆಯದನ್ನು ಅವರೇ ಹುಡುಕಿಕೊಂಡರೆ ಅಡ್ಡಗಾಲು ಹಾಕಬೇಡಿ.

ದಾಳ ಉರುಳಿಸಲು ಹೇಳುವಾಗ ಕೈ ಬಿಗಿಹಿಡಿಯಬೇಕು. ಗೆಲ್ಲುವ ಸಾಧ್ಯತೆ ನೂರಕ್ಕೆ 70 ಇದ್ದರೂ, ಅಂಗಳಕ್ಕೊಂದು, ಮೆಟ್ಟಿಲಿಗೊಂದು, ಬಾಗಿಲಿಗೊಂದು ಎಂದು ಐದು ಸಲ ಉರುಳಿಸಬೇಕಾಗಿ ಬಂದರೆ ಐದರಲ್ಲೂ ಗೆಲ್ಲುವ ಸಾಧ್ಯತೆ ನೂರಕ್ಕೆ 17ಕ್ಕೆ ಇಳಿಯುತ್ತದೆ. ತಂಡವಿದ್ದರೆ ಒಬ್ಬರ ಸೋಲನ್ನು ಇನ್ನೊಬ್ಬರು ಮುಚ್ಚಿಹಾಕುತ್ತಾರೆ. ಇಲ್ಲಿ ಹಾಗೆ ಮಾಡುವವರಿಲ್ಲ. ಹಾಗಾಗಿ ಮಹಲಿನ ಒಂದೊಂದು ಭಾಗಕ್ಕೆ ಒಂದೇ ಸ್ಟೆಲ್ತ್ (ಕಣ್ಣಿಗೆ ಬೀಳದೆ ಸಾಗುವ ಕೌಶಲ) ಎಸೆತ ಸಾಕು, ಮತ್ತು ಸೋತ ಕೂಡಲೇ ಕಾವಲಿನವರು ಕತ್ತಿ ಹಿರಿಯಬಾರದು. 2017ರ ಬ್ಲೇಡ್ಸ್ ಇನ್ ದ ಡಾರ್ಕ್ ಆಟದಲ್ಲಿ ಬಳಸುವ ಗಡಿಯಾರದ ಪದ್ಧತಿ ಇಲ್ಲಿ ಬಹಳ ಉಪಯುಕ್ತ: ಒಂದು ವೃತ್ತವನ್ನು ಆರು ಭಾಗ ಮಾಡಿ ಮೇಜಿನ ಮೇಲಿಟ್ಟು, ಪ್ರತಿ ಸೋಲಿಗೆ ಒಂದೋ ಎರಡೋ ಭಾಗ ತುಂಬುತ್ತ ಹೋಗಿ, ವೃತ್ತ ತುಂಬಿದಾಗಲಷ್ಟೇ ಇಡೀ ಮನೆ ಎಚ್ಚರವಾಗಲಿ. ಕಾವಲುಗಾರ ಲಾಟೀನು ಎತ್ತಿ “ಯಾರಲ್ಲಿ?” ಎಂದು ಕೇಳಿದಾಗ ಅಲ್ಲೇ ನಿಲ್ಲಿಸಿ, ಆಟಗಾರರಿಗೆ ಒಂದು ನಿರ್ಧಾರದ ಅವಕಾಶ ಕೊಡಿ. ಬೆಕ್ಕಿನಂತೆ ಕೂಗುವುದೋ, ಉಸಿರು ಬಿಗಿಹಿಡಿಯುವುದೋ, ಹೊಸ ಆಳಿನಂತೆ ಎದುರಿಗೆ ಹೋಗಿ ನಿಲ್ಲುವುದೋ ಎಂಬ ಗೊಂದಲದಲ್ಲಿರುವ ಸ್ವಾರಸ್ಯ ಹತ್ತು ಕಾಳಗಗಳಲ್ಲಿ ಸಿಗದು.

ಕಾಳಗ ಬಂದೇ ಬಂದರೆ ಎದುರಾಳಿಗಳು ಇಬ್ಬರನ್ನು ಮೀರದಿರಲಿ. ಒಂದು ಸುತ್ತಿಗೆ ಎಷ್ಟು ಏಟು ಯಾವ ಕಡೆಯಿಂದ ಬೀಳುತ್ತದೆ ಎಂಬುದರ ಮೇಲೆ ಸೋಲು ಗೆಲುವು ನಿಂತಿರುವುದರಿಂದ, ನಾಲ್ವರು ದುರ್ಬಲರು ಒಬ್ಬ ಬಲಶಾಲಿಗಿಂತ ಅಪಾಯಕಾರಿ. ಎರಡನೇ ಲೆವೆಲ್‌ಗೆ ಬರುವ ಕನ್ನಿಂಗ್ ಆ್ಯಕ್ಷನ್‌ನಿಂದ ರೋಗ್ ಬೋನಸ್ ಆ್ಯಕ್ಷನ್‌ನಲ್ಲೇ (ಮುಖ್ಯ ಕ್ರಿಯೆಯ ಜೊತೆ ಸಿಗುವ ಹೆಚ್ಚುವರಿ ಕ್ರಿಯೆ) ಓಡಬಹುದು, ಕಳಚಿಕೊಳ್ಳಬಹುದು, ಅಡಗಬಹುದು. ಅದು ಸಾರ್ಥಕವಾಗಬೇಕಾದರೆ ಕಂಬ, ಪರದೆ, ಪಕ್ಕದ ಚಾವಣಿ, ಎರಡನೆಯ ಬಾಗಿಲು ಇರಲೇಬೇಕು. ಮೊದಲ ಲೆವೆಲ್‌ನಲ್ಲಿ ಸುಮಾರು ಹತ್ತು ಹಿಟ್ ಪಾಯಿಂಟ್ (ಏಟು ತಾಳುವ ಶಕ್ತಿ) ಇರುವ ಪಾತ್ರ ನೆಲಕ್ಕೆ ಬಿದ್ದಾಗ ಸಾವು ಬದುಕು ತೀರ್ಮಾನಿಸುವ ಡೆತ್ ಸೇವ್ ಉರುಳಿಸುತ್ತ ಒಂಟಿಯಾಗಿ ಮಲಗಿರುವುದಕ್ಕೆ ಅರ್ಥವಿಲ್ಲ. ಕೈಯೇಟಿನ ಆಯುಧದಿಂದ ಕೆಡವಿದವರು ಕೊಲ್ಲದೆ ಪ್ರಜ್ಞೆ ತಪ್ಪಿಸಬಹುದೆಂಬ ನಿಯಮ ಶತ್ರುಗಳ ಕೈಯಲ್ಲೂ ಇರಲಿ; ಸೆರೆಮನೆಯಲ್ಲಿ ಕಣ್ಣು ಬಿಡುವ ರೋಗ್‌ಗೆ ಮುಂದಿನ ಸೆಷನ್ ತಾನಾಗಿ ಸಿದ್ಧವಾಗಿರುತ್ತದೆ.

ವೇಗದ ವಿಷಯವನ್ನೂ ಗಮನಿಸಬೇಕು. ತಂಡದೊಳಗಿನ ಚರ್ಚೆ ಇಲ್ಲದ್ದರಿಂದ ಕಥೆ ಬಹಳ ಬೇಗ ಓಡುತ್ತದೆ, ಡಿಎಂಗೆ ಯೋಚಿಸಲು ಬಿಡುವೇ ಸಿಗುವುದಿಲ್ಲ. ಎರಡು ಗಂಟೆಯೊಳಗೆ ಆಟ ಮುಗಿಸಿ, ಮಧ್ಯೆ ನಾಚಿಕೆಯಿಲ್ಲದೆ ವಿರಾಮ ಕೇಳಿ. ಇಬ್ಬರು ಎನ್‌ಪಿಸಿಗಳು (ಡಿಎಂ ಆಡಿಸುವ ಪಾತ್ರಗಳು) ತಮ್ಮತಮ್ಮಲ್ಲೇ ಮಾತಾಡುವ ದೃಶ್ಯವನ್ನು ಆದಷ್ಟು ತಪ್ಪಿಸಿ. ಇರುವ ಒಬ್ಬರೇ ಆಟಗಾರರು ಆ ಹೊತ್ತಿನಲ್ಲಿ ಬರೀ ಪ್ರೇಕ್ಷಕರಾಗುತ್ತಾರೆ.

ಲೆವೆಲ್ ಏರಿದಂತೆ ಬೀಗಗಳ ಭಯ ಹೋಗುತ್ತದೆ. ಹನ್ನೊಂದನೇ ಲೆವೆಲ್‌ನ ರಿಲಯಬಲ್ ಟ್ಯಾಲೆಂಟ್ ಬಂದ ಮೇಲೆ ಪಾತ್ರ ಪಳಗಿದ ಕೌಶಲಗಳಲ್ಲಿ 10ಕ್ಕಿಂತ ಕಡಿಮೆ ಬಿದ್ದ ದಾಳವನ್ನೂ 10 ಎಂದೇ ಎಣಿಸಬೇಕು. ಅದಕ್ಕೆ ಎಕ್ಸ್‌ಪರ್ಟೀಸ್‌ನ (ವಿಶೇಷ ಪರಿಣತಿ) 8 ಮತ್ತು ಡೆಕ್ಸ್‌ಟೆರಿಟಿಯ (ಚುರುಕುತನ) 5 ಸೇರಿದರೆ ಸ್ಟೆಲ್ತ್ 23ಕ್ಕಿಂತ ಕೆಳಗಿಳಿಯುವುದೇ ಇಲ್ಲ. ಇದನ್ನು ಸರಿದೂಗಿಸಲು ಡಿಸಿಯನ್ನು, ಅಂದರೆ ಗೆಲ್ಲಲು ಮುಟ್ಟಬೇಕಾದ ಅಂಕವನ್ನು, 30ಕ್ಕೆ ಏರಿಸುವುದು ಆಟಗಾರರು ಕಷ್ಟಪಟ್ಟು ಗಳಿಸಿದ್ದನ್ನು ಕಿತ್ತುಕೊಂಡಂತೆ. ಒಳಗೆ ಹೋಗುವುದು ಸಲೀಸಾಗಿಯೇ ಇರಲಿ. ಕದ್ದ ಲೆಕ್ಕದ ಪುಸ್ತಕದಲ್ಲಿ ಅಡುಗೆಯವಳ ತಮ್ಮನನ್ನು ಹಿಡಿದುಕೊಟ್ಟವರ ಹೆಸರಿರಲಿ, ಅದನ್ನು ಕೊಳ್ಳಲು ಬಂದ ಇಬ್ಬರಲ್ಲಿ ಒಬ್ಬರು ಅದೇ ಹೆಸರಿನವರಾಗಿರಲಿ.