ಗ್ರಾಮಸಭೆಗೆ ಮೊದಲು ಸಂಘದಲ್ಲೇ ಒಂದು ಗದ್ದಲ

ನಮ್ಮ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲು. ವಯಸ್ಸು 21 ತುಂಬಿದರೆ ಚುನಾವಣೆಗೆ ನಿಲ್ಲಬಹುದು. ಆದರೆ ಗೆದ್ದ ಹುಡುಗಿ ಮೊದಲ ಸಭೆಯಲ್ಲೇ "ನಿಂಗೇನ್ ಗೊತ್ತಮ್ಮ, ಕೂತ್ಕೊ" ಅನ್ನೋ ಮಾತಿಗೆ ಬಾಡಿಹೋದರೆ ಸಂಕಟವಾಗುತ್ತೆ ಅಲ್ವಾ?

ಅಂಥ ಹುಡುಗಿಯರನ್ನು ಮೊದಲೇ ತಯಾರು ಮಾಡೋಕೆ ನಿಮ್ಮ ಮಹಿಳಾ ಸಂಘದಲ್ಲಿ ಇದನ್ನು ಮಾಡಿಸಿ ನೋಡಿ. ಒಬ್ಬಳು ಎದ್ದು ನಿಂತು ಬೀದಿ ನಲ್ಲಿಯ ವಿಷಯ ಮಾತಾಡಲಿ. ಉಳಿದವರು ಬೇಕಂತಲೇ ಅಡ್ಡ ಬಾಯಿ ಹಾಕಲಿ, ನಗಲಿ. ಅವಳು ದನಿ ಏರಿಸದೆ, "ನನ್ನ ಮಾತು ಇನ್ನೂ ಮುಗಿದಿಲ್ಲ" ಎಂದು ಬಿಟ್ಟಲ್ಲಿಂದಲೇ ಮುಂದುವರಿಸಬೇಕು. ಮೊದಲ ಸಲ ಕೈ ನಡುಗುತ್ತದೆ, ಕಣ್ಣು ತುಂಬುತ್ತದೆ. ಪರವಾಗಿಲ್ಲ, ನೀರು ಕುಡಿದು ಮತ್ತೆ ನಿಲ್ಲಲಿ. ಆಮೇಲೆ ಸುಮ್ನೆ ಮನೆಗೆ ಕಳಿಸಬೇಡಿ, ಪಕ್ಕ ಕೂತು ಮಾತಾಡಿಸಿ. ಇದು ಎಲ್ಲಕ್ಕಿಂತ ಮುಖ್ಯ.

ಹಾಂ, ಸಭೆಯಲ್ಲಿ ಏನು ತೀರ್ಮಾನವಾಯ್ತು ಅಂತ ಬರೆದಿಡುವ ನಡಾವಳಿ ಪುಸ್ತಕ ಓದದೆ ಸಹಿ ಹಾಕಬಾರದು ಅನ್ನೋದನ್ನೂ ಕಲಿಸಿ.