ವೇದಿಕೆ ಬಿಟ್ಟು ದಬ್ಬಳ ಹಿಡಿದ ಸಂಘ: ನನ್ನ ಅನುಭವ

ಹಾಸನ ಜಿಲ್ಲೆಯಲ್ಲಿ ಗ್ರಂಥಪಾಲಕರ ಸಂಘ ನಡೆಯುವುದಿಲ್ಲ ಎಂದು ನನಗೆ ಹೇಳದವರಿಲ್ಲ. ನಡೆಯುತ್ತಿದೆ. ಚಂದಾಕ್ಕಾಗಿ ಯಾರ ಬೆನ್ನೂ ಹತ್ತದೆ, ಯಾರಿಗೂ ಶಾಲು ಹೊದಿಸದೆ ನಾಲ್ಕನೆಯ ವರ್ಷಕ್ಕೆ ಬಂದಿದೆ. ಹೇಗೆಂದು ಚಿಕ್ಕಮಗಳೂರಿನ ಮಿತ್ರರು ಕೇಳುತ್ತಲೇ ಇರುವುದರಿಂದ ಬರೆಯುತ್ತಿದ್ದೇನೆ.

ಹಳೆಯ ಸಂಘಕ್ಕೆ ಇದ್ದದ್ದು ಒಂದೇ ಕೆಲಸ, ಆಗಸ್ಟ್ 12ರಂದು ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಜಯಂತಿ. ಸಭಾಂಗಣ, ಹಾರ, ನೆನಪಿನ ಕಾಣಿಕೆ, ಊಟ, ಬೆಂಗಳೂರಿನ ಅತಿಥಿಗೆ ಕಾರು. ಕೊನೆಯ ವರ್ಷ ಸುಮಾರು 40 ಸಾವಿರ ಖರ್ಚಾಗಿ ಖಾತೆಯಲ್ಲಿ ಮೂರಂಕಿ ಉಳಿಯಿತು. ಯುಜಿಸಿ ವೇತನದ ಕಾಲೇಜಿನವರು ವೇದಿಕೆಯ ಮೇಲೆ, ಗೌರವಧನಕ್ಕೆ ದುಡಿಯುತ್ತಿದ್ದ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು ಬಾಗಿಲ ಬಳಿ. ಮೇಲಿನವರು 1965ರ ಗ್ರಂಥಾಲಯ ಕಾಯ್ದೆ, ಆಸ್ತಿ ತೆರಿಗೆಯ ಮೇಲಿನ ಶೇ 6ರ ಗ್ರಂಥಾಲಯ ಕರ ಎಂದು ಭಾಷಣ ಮಾಡಿದರೆ, ದಿನಪತ್ರಿಕೆಯ ಬಿಲ್ಲಿಗೆ ಪರದಾಡುವವರು ಕೆಳಗೆ ಕುಳಿತು ಚಪ್ಪಾಳೆ ತಟ್ಟಬೇಕು. 2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ ಅವರನ್ನು ಕರೆಯುವುದೂ ನಿಂತಿತು.

ನಾವು ಮೊದಲು ಕೈಹಾಕಿದ್ದು ಎಲ್ಲರ ಪುಸ್ತಕಗಳ ಒಟ್ಟು ಸೂಚಿಗೆ. ಗ್ರಂಥಾಲಯದ ತಂತ್ರಾಂಶ ಒಬ್ಬರದು ಕೋಹಾ, ಇನ್ನೊಬ್ಬರದು ಇ-ಗ್ರಂಥಾಲಯ, ಉಳಿದವರದು ಯುನಿಕೋಡ್ ಬಳಕೆಗೆ ಬರುವ ಮೊದಲು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತ. ಪರಿವರ್ತಿಸಿದರೆ ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ. ವಿಷಯಕ್ಕೆ ತಕ್ಕಂತೆ ಪುಸ್ತಕಕ್ಕೆ ಕೊಡುವ ಡ್ಯೂಯಿ ವರ್ಗಾಂಕದ ಕಥೆ ಇನ್ನೂ ಚೆನ್ನ. ಕನ್ನಡ ಸಾಹಿತ್ಯವೆಂದರೆ 894.814 ಎಂದು ಬರೆದು ಕೈತೊಳೆದುಕೊಂಡವರೇ ಹೆಚ್ಚು. ಅದರ ಕೊನೆಗೆ ಕವಿತೆಗೆ 1, ನಾಟಕಕ್ಕೆ 2, ಕಾದಂಬರಿಗೆ 3 ಸೇರಿಸುವಷ್ಟು ತಾಳ್ಮೆ ಯಾರಿಗಿದೆ? ಆಪರೇಟರ್‌ಗೆ 12 ಸಾವಿರದಷ್ಟು ಕೊಟ್ಟ ಮೇಲೆ ಕೈಬಿಟ್ಟೆವು.

ಆಮೇಲೆ ಬೈಂಡಿಂಗ್ ಹಿಡಿದೆ. ತಿಂಗಳಿಗೊಂದು ಭಾನುವಾರ ಒಬ್ಬರ ಗ್ರಂಥಾಲಯದಲ್ಲಿ ಸೇರಿ, ಅಲ್ಲಿನ ಹರಿದ ಪುಸ್ತಕಗಳನ್ನು ಎಲ್ಲರೂ ಕೂತು ಕಟ್ಟುವುದು. ‘ನೆಟ್ ಪಾಸು ಮಾಡಿದ್ದು ರಟ್ಟು ಕತ್ತರಿಸುವುದಕ್ಕೋ?’ ಎಂದು, ಕಾಲೇಜು ಹುದ್ದೆಯ ಅರ್ಹತಾ ಪರೀಕ್ಷೆಯನ್ನು ನೆನಪಿಸಿ, ಹಿರಿಯರೊಬ್ಬರು ಎಲ್ಲರೆದುರು ಕೇಳಿದರು. ಅರಸೀಕೆರೆಯ ಮೊದಲ ಕೂಟಕ್ಕೆ ಬಂದದ್ದು ಐದಾರು ಜನ.

ಪೇಟೆಯಲ್ಲಿ ಪುಸ್ತಕಕ್ಕೆ 120ರಿಂದ 150 ರೂಪಾಯಿ, ಅದೂ ಅಂಚಿನ ಜೊತೆಗೆ ಅಕ್ಷರವನ್ನೂ ಕತ್ತರಿಸಿ ಕೊಡುತ್ತಾರೆ. ನಮಗೆ ರಟ್ಟು, ಕ್ಯಾಲಿಕೊ ಬಟ್ಟೆ, ನೂಲು, ಅಂಟು ಸೇರಿ 35 ದಾಟುವುದಿಲ್ಲ. ಕಾಲೇಜುಗಳಿಂದ 80 ಪಡೆಯುತ್ತೇವೆ, ಪಂಚಾಯಿತಿ ಗ್ರಂಥಾಲಯಗಳಿಗೆ ಉಚಿತ. ಆದರೆ ಕಾಲೇಜುಗಳ ಆಡಿಟ್‌ನವರು ಸುಮ್ಮನಿರುತ್ತಾರೆಯೇ? ನೋಂದಾಯಿತ ಸಂಘದ ರಸೀದಿ ಬೇಕೆಂದರು. ಹಳೆಯ ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿತ್ತು, ಸರಿ; ವರ್ಷಗಟ್ಟಲೆ ಸದಸ್ಯರ ಪಟ್ಟಿಯನ್ನಾಗಲಿ ಲೆಕ್ಕಪತ್ರವನ್ನಾಗಲಿ ಯಾರೂ ಸಲ್ಲಿಸಿರಲಿಲ್ಲ. ಹೊಸದನ್ನು ಕಟ್ಟಲು ಏಳು ಜನ ಸಾಕಿತ್ತು, ಆದರೂ ಹಳೆಯ ಹೆಸರು ಬಿಡಲು ಮನಸ್ಸಾಗಲಿಲ್ಲ. ದಂಡ, ಲೆಕ್ಕಪರಿಶೋಧನೆ, ಪ್ಯಾನ್ ಎಂದು ಒಂದು ಬೇಸಿಗೆಯೂ ನನ್ನ ಜೇಬಿನ ಒಂಬತ್ತು ಸಾವಿರವೂ ಕರಗಿದವು. ಆ ಹಣ ಇನ್ನೂ ಪೂರ್ತಿ ವಾಪಸಾಗಿಲ್ಲ.

ಹೊಲಿಗೆ ಗೊತ್ತಿದ್ದದ್ದು ಮೇಲ್ವಿಚಾರಕರಿಗೆ, ನಮಗಲ್ಲ. ಹೊಳೆನರಸೀಪುರ ಕಡೆಯ ಮೇಲ್ವಿಚಾರಕಿಯೊಬ್ಬರು ಒಂದೊಂದೇ ಫಾರಂ, ಅಂದರೆ ಮಡಿಸಿದ ಹಾಳೆಗಳ ಕಟ್ಟು, ಇಟ್ಟು ದಬ್ಬಳ ಆಡಿಸುವುದನ್ನು ನೋಡಬೇಕು. ಕೊನೆಯ ತೂತಿಗೆ ಬಂದಾಗ ನೂಲನ್ನು ಕೆಳಗಿನ ಫಾರಂನ ಹೊಲಿಗೆಯೊಳಗೆ ತೂರಿಸಿ ಎಳೆಯುತ್ತಾರೆ. ಸಡಿಲವಾದರೆ ಪುಸ್ತಕ ಓರೆ, ಹೆಚ್ಚು ಬಿಗಿದರೆ ಕಾಗದ ಸೀಳುತ್ತದೆ. ನೆಟ್ ಮಾತೆತ್ತಿದ್ದ ಹಿರಿಯರು ಈಗ ಅವರ ಪಕ್ಕದಲ್ಲೇ ಕುಳಿತು ‘ಅಮ್ಮಾ, ಇನ್ನೊಂದು ಸಲ ತೋರಿಸಿ’ ಎನ್ನುತ್ತಾರೆ.

ಸಕಲೇಶಪುರದಲ್ಲಿ ಮಳೆಗಾಲದಲ್ಲಿ ಕಟ್ಟಿದ್ದೆಲ್ಲ ಹದಿನೈದು ದಿನದೊಳಗೆ ಬೂಷ್ಟು ಹಿಡಿಯಿತು. ಮೈದಾ ಅಂಟಿಗೆ ಮೈಲುತುತ್ತ ಬೇಕು. ಕಾಫಿಗೂ ಅಡಿಕೆಗೂ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಸೀಮೆಯಲ್ಲಿ ಅದಕ್ಕೇನು ಬರ? ಬಿಸಿನೀರಿನಲ್ಲಿ ಕರಗಿಸಿ, ಅಂಟು ಬಿಳುಪು ಕಳೆದುಕೊಳ್ಳುತ್ತಿರುವಾಗ ಸುರಿಯಬೇಕು. ಕಬ್ಬಿಣದ ಪಾತ್ರೆ ಬೇಡ. ವಿಷವಾದ್ದರಿಂದ ಅಡುಗೆಮನೆಯ ಪಾತ್ರೆಯಂತೂ ಬೇಡವೇ ಬೇಡ. ಪ್ರಮಾಣ ಮಾತ್ರ ಇಲ್ಲಿ ಬರೆಯುವುದಿಲ್ಲ. ಪುಸ್ತಕದ ಬೆನ್ನಿನೊಳಗೆ ಹಚ್ಚುವ ಇನ್ನೊಂದು ವಸ್ತುವಿದೆ, ಅದೂ ಕೂಟಕ್ಕೆ ಬಂದವರಿಗೇ.

ಇದರ ನಡುವೆ ಹುಳುವಿನ ಮೇಲೂ ಒಂದು ಪ್ರಯೋಗ ನಡೆಯಿತು. ಒಂದು ಕಪಾಟಿಗೆ ತಾಳೆಗರಿ ಕಟ್ಟುಗಳಿಗೆ ಇಡುತ್ತಿದ್ದ ಬಜೆಬೇರು, ಇನ್ನೊಂದಕ್ಕೆ ಬೇವು, ಮತ್ತೊಂದಕ್ಕೆ ನುಸಿಗುಳಿಗೆ. ಬೇವಿನ ಎಲೆ ಪುಡಿಯಾಗಿ ಬರೀ ಕಸ. ಬಜೆ ಗೆದ್ದಿತು, ಆದರೆ ಆ ಕಪಾಟಿನ ಪುಸ್ತಕಗಳನ್ನು ಮಕ್ಕಳು ಮೂಗು ಮುಚ್ಚಿಕೊಂಡು ಓದುತ್ತಾರೆ.

ಬಿಟ್ಟುಬಿಟ್ಟ ಒಟ್ಟು ಸೂಚಿಯ ಕೆಲಸವೂ ತಾನಾಗಿಯೇ ಆಗುತ್ತಿದೆ. ಒಬ್ಬರ ಕಪಾಟನ್ನು ಇನ್ನೊಬ್ಬರು ಕಣ್ಣಾರೆ ನೋಡಿರುತ್ತಾರೆ. ಬೇಕಾದ ಪುಸ್ತಕ ಬೇಲೂರಿನಿಂದ ಚನ್ನರಾಯಪಟ್ಟಣಕ್ಕೆ ಉಪನ್ಯಾಸಕರ ಚೀಲದಲ್ಲಿ ಬಸ್ಸು ಹತ್ತುತ್ತದೆ. ಸದಸ್ಯರು ಅರವತ್ತರ ಆಸುಪಾಸು. ಕಟ್ಟಿದ ಪುಸ್ತಕ ಒತ್ತುವ ಹಳೆಯ ಎರಕದ ಪ್ರೆಸ್ಸಿಗೆ 18 ಸಾವಿರ ಕೊಟ್ಟ ಮೇಲೂ ಖಾತೆಯಲ್ಲಿ 25 ಸಾವಿರ ಇರಬಹುದು.

ಚಿಕ್ಕಮಗಳೂರಿನವರು ಶುರುಮಾಡುವುದಾದರೆ ಮಳೆಗೆ ಮೊದಲು, ಕಡೂರಿನಲ್ಲಿ ಶುರುಮಾಡಿ; ಕೊಪ್ಪ, ಶೃಂಗೇರಿ ದೀಪಾವಳಿಯ ನಂತರ. ಆಮಂತ್ರಣ ಪತ್ರಿಕೆ ಮುದ್ರಿಸಬೇಡಿ. ಪ್ರೆಸ್ ಬೇಕಿದ್ದರೆ ಒಂದು ತಿಂಗಳ ಮಟ್ಟಿಗೆ ಕೊಡುತ್ತೇವೆ, ಸಾಗಣೆ ಖರ್ಚು ನಿಮ್ಮದು.