ಓದಿಸುವುದು ಕನ್ನಡ ಟೀಚರ್ ಕೆಲಸ ಅಂದುಕೊಂಡಿದ್ದೆ

ನಾನು ವಿಜ್ಞಾನ ಕಲಿಸುವವಳು. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಕಡೆಯ ಒಂದು ಕನ್ನಡ ಮಾಧ್ಯಮ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ 5ರಿಂದ 7ನೇ ತರಗತಿಯವರೆಗೆ ನನ್ನ ಪಾಠ. ಓದಲು ಕಲಿಸುವುದು ಕನ್ನಡ ಟೀಚರ್ ಕೆಲಸ, ಅದು 4ನೇ ತರಗತಿಯೊಳಗೆ ಮುಗಿದಿರುತ್ತದೆ ಅಂತ ತುಂಬಾ ವರ್ಷ ನಂಬಿದ್ದೆ.

ಆ ನಂಬಿಕೆ ಹೋದದ್ದು ಒಂದು ಜುಲೈಯಲ್ಲಿ. ಹೊರಗೆ ಜೋರು ಮಳೆ. 7ನೇ ತರಗತಿಯಲ್ಲಿ ಅಡಿಕೆಯ ಕೊಳೆರೋಗದ ಮಾತು ಬಂತು. ಯಾವಾಗಲೂ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ಹುಡುಗ ಎದ್ದು ನಿಂತ. "ಟೀಚರ್, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸ್ಬೇಕು. ಕತ್ತಿ ಅದ್ದಿ ನೋಡುವಾಗ ಕೆಂಪು ಹಿಡಿದ್ರೆ ಸುಣ್ಣ ಸಾಲ್ಲಿಲ್ಲ ಅಂತ." ಅದು ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದು; ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್. ಅವನ ಅಪ್ಪ ತೋಟಗಳಿಗೆ ಮದ್ದು ಬಿಡಲು ಹೋಗುವವರು. ಅವನು ಹೇಳಿದ್ದು ಒಂದೂ ತಪ್ಪಿರಲಿಲ್ಲ.

ಮುಂದಿನ ವಾರ ಪರೀಕ್ಷೆ ಕೊಟ್ಟೆ. ಅವನ ಕಾಗದ ಖಾಲಿ. ಹತ್ತಿರ ಕರೆದು ಅದೇ ಮದ್ದಿನ ಬಗ್ಗೆ ಇದ್ದ ಪ್ರಶ್ನೆ ಓದಿಸಿದೆ. 'ಶಿಲೀಂಧ್ರನಾಶಕ' ಎಂಬಲ್ಲಿ "ಶಿ... ಲಿ..." ಎಂದು ನಿಂತುಬಿಟ್ಟ. ಉತ್ತರ ಅವನ ಬಾಯಲ್ಲೇ ಇತ್ತು. ಪ್ರಶ್ನೆಯೇ ಅವನಿಗೆ ಮುಟ್ಟಿರಲಿಲ್ಲ. ಎರಡು ವರ್ಷ ಅವನ ಪ್ರಗತಿ ಪತ್ರದಲ್ಲಿ 'ಗಮನ ಕೊಡುವುದಿಲ್ಲ' ಎಂದು ಬರೆದವಳು ನಾನೇ. ಆ ಸಂಜೆ ಮನೆಗೆ ಹೋದರೂ ಅದೇ ಕೊರೆಯುತ್ತಿತ್ತು.

ಎಸ್.ಆರ್.ಜಿ. ಸಭೆಯಲ್ಲಿ, ಅಂದರೆ ಶಾಲೆಯ ಟೀಚರುಗಳೆಲ್ಲ ಸೇರುವ ಸಭೆಯಲ್ಲಿ, ವಿಷಯ ಎತ್ತಿದೆ. ದಿನಾ ಮೊದಲ 40 ನಿಮಿಷ ಇಡೀ ಶಾಲೆ ಓದಲಿ, ಕನ್ನಡ, ಗಣಿತ, ಹಿಂದಿ, ಅರಬಿ, ಎಲ್ಲ ಟೀಚರುಗಳೂ ಒಂದೊಂದು ಗುಂಪು ನೋಡಿಕೊಳ್ಳೋಣ ಎಂದೆ. "ಪಾಠ ಮುಗಿಯುವುದು ಹೇಗೆ?" ಎಂಬ ಪ್ರಶ್ನೆ ಬಂತು. ನ್ಯಾಯವಾದದ್ದೇ. ಓದಲಾಗದ ಮಗುವಿಗೆ ಪಾಠ ಮುಗಿಸಿದರೆ ಮುಗಿದದ್ದು ಯಾರಿಗೆ ಅಂತ ನಾನು ಕೇಳಿದೆ. ಹೆಡ್‌ಮಾಷ್ಟ್ರು ಮೂರು ತಿಂಗಳು ನೋಡೋಣ ಎಂದರು.

ಮೊದಲು ಒಬ್ಬೊಬ್ಬರನ್ನೇ ಜಗಲಿಯಲ್ಲಿ ಕೂರಿಸಿ ಓದಿಸಿದೆವು. ಅಕ್ಷರ, ಪದ, ನಾಲ್ಕು ಸಾಲು, ಒಂದು ಚಿಕ್ಕ ಕಥೆ. ಅಂಕ ಇಲ್ಲ, ಕೆಂಪು ಶಾಯಿ ಇಲ್ಲ. ಇಲ್ಲಿ ಕಂಡದ್ದೇ ನಮ್ಮ ಕೆಲಸದ ದಾರಿ ಬದಲಿಸಿತು. ನಮ್ಮ ಮಕ್ಕಳ ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ, ಹೀಗೆ ಒಂದೊಂದು ಮಾತು. ಓದಲು ಕಷ್ಟಪಡುವವರೆಲ್ಲ ಒಂದೇ ಥರ ಇರಲಿಲ್ಲ. ಕೆಲವರಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಅಕ್ಷರ ಕೂಡಿಸಲು ಬರುವುದಿಲ್ಲ. ಇನ್ನು ಕೆಲವರು ಗಡಗಡ ಓದುತ್ತಾರೆ, "ಏನು ಓದಿದೆ?" ಅಂತ ಕೇಳಿದರೆ ಮುಖ ನೋಡುತ್ತಾರೆ. ಇಬ್ಬರಿಗೂ ಒಂದೇ ಕಾಪಿ ಬರೆಸಿ ಏನು ಪ್ರಯೋಜನ, ಅಲ್ವಾ?

ಮೊದಲಿನವರಿಗೆ ಒತ್ತಕ್ಷರವೇ ದೊಡ್ಡ ಗೋಡೆ. ಅಕ್ಕ, ಅಜ್ಜ, ಹಗ್ಗ ಎಂದು ತನ್ನದೇ ಒತ್ತು ಇರುವ ಪದಗಳಿಂದ ಶುರು ಮಾಡಿದೆವು. ಆಮೇಲೆ ಪುಸ್ತಕ, ರಸ್ತೆ. ಕೊನೆಗೆ ಅರ್ಕಾವತ್ತು. 'ಸೂರ್ಯ'ವನ್ನು 'ಸೂಯ್ರ' ಎಂದು ಓದುವ ಮಗು ಕಂಡದ್ದನ್ನೇ ಓದುತ್ತಿದೆ. ಆ ಗುರುತು ಬರುವುದು ಆಚೆ, ಉಚ್ಚರಿಸುವುದು ಮೊದಲು. ಇದನ್ನು ಬಾಯಿಬಿಟ್ಟು ಹೇಳಿದ ಮೇಲೆ ತಪ್ಪು ಬೇಗ ಕಡಿಮೆಯಾಯಿತು. ತುಳು ಮಾತಾಡುವ ಹಲವು ಮಕ್ಕಳು 'ಮಳೆ'ಯನ್ನು 'ಮಲೆ' ಎಂದು ಬರೆಯುತ್ತಿದ್ದರು. ತುಳುವಿನ ಕೆಲವು ಬಗೆಗಳಲ್ಲಿ ಲ, ಳ ಬೇರೆಯಾಗಿ ಕೇಳುವುದಿಲ್ಲ. ಅದು ಸೋಮಾರಿತನ ಅಲ್ಲ, ಕಿವಿಯ ರೂಢಿ. ಬೆಲೆ–ಬೆಳೆ, ಹಲ್ಲಿ–ಹಳ್ಳಿ ಎಂದು ಜೋಡಿ ಪದ ಹೇಳಿ, ಕೇಳಿಸಿ, ಆಮೇಲೆ ಬರೆಸಿದೆವು.

ಎರಡನೆಯ ಗುಂಪಿಗೆ ಬೇಕಾದದ್ದು ಮಾತು. ಗೋಡೆಗೆ ಒಂದು ದೊಡ್ಡ ಕಾಗದ ಅಂಟಿಸಿ ಮನೆಮಾತಿನ ಪದ ಬರೆಯಿರಿ ಎಂದೆವು. ಮಲಯಾಳ ಮನೆಮಾತಿನ ಒಬ್ಬ ಹುಡುಗಿ ಅದನ್ನೇ ನೋಡುತ್ತಾ ನಿಂತಿದ್ದಳು. "ಟೀಚರ್, ನಮ್ಮ ಪ ಇಲ್ಲಿ ಹ ಆಗ್ತದೆ!" ಪಾಲ್, ಹಾಲು. ಪುಲಿ, ಹುಲಿ. ಪಲ್ಲಿ, ಹಲ್ಲಿ. ಪಾಂಬ್, ಹಾವು. ತುಳು ಮಕ್ಕಳು ಪೂ, ಪಿಲಿ ಸೇರಿಸಿದರು. ಹಳೆಗನ್ನಡದಲ್ಲಿ ನಮ್ಮದೂ ಪಾಲ್, ಪುಲಿ, ಪಾವು ಎಂದೇ ಇತ್ತು ಅಂತ ಕನ್ನಡ ಟೀಚರ್ ಹೇಳಿದಾಗ ಆ ಹುಡುಗಿಯ ಮುಖ ನೋಡಬೇಕಿತ್ತು. ಅದುವರೆಗೆ ಕನ್ನಡ ಅವಳಿಗೆ ಬೇರೆಯವರ ಮನೆಯಾಗಿತ್ತು.

ಒಂದು ತಪ್ಪನ್ನೂ ಹೇಳಬೇಕು. ಗುಂಪುಗಳಿಗೆ ಎ, ಬಿ, ಸಿ ಎಂದು ಹೆಸರಿಟ್ಟಿದ್ದೆವು. ಸಿ ಎಂದರೆ ಏನೆಂದು ಮಕ್ಕಳಿಗೆ ಎರಡೇ ದಿನದಲ್ಲಿ ಗೊತ್ತಾಯಿತು. 7ನೇ ತರಗತಿಯ ಒಬ್ಬಳು ಬೆಳಿಗ್ಗೆ ತಡವಾಗಿ ಬರತೊಡಗಿದಳು, ಆ 40 ನಿಮಿಷ ತಪ್ಪಿಸಲಿಕ್ಕೆ. ಅಷ್ಟು ದೊಡ್ಡ ಮಗುವಿನ ಕೈಗೆ 1ನೇ ತರಗತಿಯ ಪುಸ್ತಕ ಕೊಟ್ಟರೆ ಮರ್ಯಾದೆಗೆ ಪೆಟ್ಟಾಗದೆ ಇರುತ್ತದೆಯೇ? ಹೆಸರು ತೆಗೆದುಹಾಕಿದೆವು. ಪ್ರತಿ ಶುಕ್ರವಾರ 7ನೆಯವರು ಒಂದರ ಪುಟ್ಟ ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳಬೇಕು ಎಂದು ಮಾಡಿದೆವು. ಈಗ ಸುಲಭದ ಪುಸ್ತಕ ಹಿಡಿದು ನಾಲ್ಕು ದಿನ ಅಭ್ಯಾಸ ಮಾಡಲು ಒಂದು ಕಾರಣ ಸಿಕ್ಕಿತು. ಅವಳು ಮತ್ತೆ ಹೊತ್ತಿಗೆ ಸರಿಯಾಗಿ ಬಂದಳು. ನಾವು ಮಾಡಿದ್ದರಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ ಎಂದು ನನಗೆ ಅನಿಸುತ್ತದೆ.

ಆ ವರ್ಷ ಗಣಿತಕ್ಕೆ ಬಂದ ಹೊಸ ಟೀಚರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಕನ್ನಡ ಮಕ್ಕಳಿಗೆ ಕನ್ನಡ ಬಾರದವರನ್ನು ಕೊಡುವುದು ಅನ್ಯಾಯ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಅವರು ಒಳ್ಳೆಯವರು. ದಿನಾ ಬೆಳಿಗ್ಗೆ ಅಕ್ಷರದ ಗುಂಪಿನಲ್ಲಿ ಮಕ್ಕಳ ಜೊತೆ ನೋಟ್‌ಬುಕ್ ಹಿಡಿದು ಕೂತರು. ಒತ್ತಕ್ಷರ ಹೇಳಿಕೊಟ್ಟದ್ದು ಮಕ್ಕಳೇ.

ಇಷ್ಟೆಲ್ಲ ಮಾಡಿದರೂ ಕೆಲವರು ಮುಂದೆ ಹೋಗಲಿಲ್ಲ. ಇಬ್ಬರಿಗೆ ಕಣ್ಣು ಪರೀಕ್ಷೆ ಮಾಡಿಸಿದಾಗ ಬೇಕಾಗಿದ್ದದ್ದು ಕನ್ನಡಕ. ಇನ್ನೊಬ್ಬನಿಗೆ ಬಿ.ಆರ್.ಸಿ.ಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕಿಯ ಸಹಾಯ ಬೇಕಾಯಿತು. ಅವನಿಗೆ ಈಗಲೂ ಪ್ರಶ್ನೆಯನ್ನು ನಾವೇ ಓದಿ ಹೇಳುತ್ತೇವೆ.

ನನ್ನ ಪಾಠವೂ ಬದಲಾಯಿತು. ಪಾಠ ಶುರು ಮಾಡುವ ಮೊದಲು ಮೂರು ಕಷ್ಟದ ಪದ ಬೋರ್ಡಿನಲ್ಲಿ ಬರೆದು, ಬಿಡಿಸಿ, ಎಲ್ಲರೂ ಓದುತ್ತೇವೆ. ಮಾರ್ಚಿನ ಪರೀಕ್ಷೆಯಲ್ಲಿ, ಕೊಳೆರೋಗದ ಮದ್ದು ಹೇಳಿದ್ದ ಆ ಹುಡುಗ ಆರು ಸಾಲು ಬರೆದಿದ್ದ. 'ಶಿಲಿಂದ್ರ' ಎಂದು, ದೀರ್ಘವೂ ಇಲ್ಲದೆ, ಮಹಾಪ್ರಾಣವೂ ಇಲ್ಲದೆ. ಕೆಳಗೆ ಕತ್ತಿ ಅದ್ದಿ ನೋಡುವುದನ್ನೂ ಬರೆದಿದ್ದ. ಪೂರ್ತಿ ಅಂಕ ಕೊಟ್ಟೆ.